ಪಾಠ ಹೇಳುವವರ ಮನಸ್ಸು

(ಸಂಸ್ಥೆಯ ವಾರ್ಷಿಕ ಶೈಕ್ಷಣಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

 

ನನಗೆ ಕೊಟ್ಟಿರುವ ವಿಷಯ “ಕಾಲೇಜು ಅಧ್ಯಾಪಕರ ಭಾವನಾತ್ಮಕ ಬುದ್ಧಿಮತ್ತೆ ಹಾಗೂ ವೃತ್ತಿ–ಬದುಕಿನ ಸಮತೋಲನ”. ಪ್ರೌಢಶಾಲೆಯಲ್ಲಿ ಉರ್ದು ಮತ್ತು ಕನ್ನಡ ಕಲಿಸುವ ನಾನು ಕಾಲೇಜಿನವರ ಬಗ್ಗೆ ಮಾತಾಡುವುದೇ ಎಂದು ಕೆಲವರಿಗೆ ಅನ್ನಿಸಬಹುದು. ಅದಕ್ಕೆ ಎರಡು ಕಾರಣಗಳಿವೆ. ಒಂದು, ಹತ್ತನೆಯ ಇಯತ್ತೆ ಮುಗಿಸಿ ನಮ್ಮ ಕೈಯಿಂದ ಹೋದ ಮಕ್ಕಳೇ ಮುಂದೆ ಇವರ ಕೈಗೆ ಸೇರುತ್ತಾರೆ. ಈದ್ ರಜೆಗೆ ಬಂದಾಗ ಆ ಮಕ್ಕಳು ನಮ್ಮ ಮುಂದೆ ಪಠ್ಯದ ಮಾತು ತೆಗೆಯುವುದು ಕಡಿಮೆ. “ಆ ಸರ್ ಭಾಳ ಛಲೋ ಅದಾರ್ರೀ ಟೀಚರ್”, “ಆ ಮೇಡಂ ಎಲ್ಲಾರ ಮುಂದ ನಗಸ್ಯಾಡಿದ್ರು” ಎಂದೇ ಮಾತು ಶುರುವಾಗುತ್ತದೆ. ಎರಡು, ನನ್ನೊಂದಿಗೆ ಬಿ.ಇಡಿ. ಮಾಡಿದ ಹಲವರು ಮುಂದೆ ಎಂ.ಎ., ಎಂ.ಕಾಂ. ಮುಗಿಸಿ ಇಂದು ಪದವಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿದ್ದಾರೆ. ಮುಂಜಾನೆ ಒಂದೇ ಬಸ್ಸಿನಲ್ಲಿ ನಾವು ಓಡಾಡುತ್ತೇವೆ. ಇಂದು ನಾನು ಹೇಳುವ ಮಾತುಗಳಲ್ಲಿ ಅರ್ಧ ಪುಸ್ತಕದಿಂದ ಬಂದದ್ದು, ಅರ್ಧ ಆ ಬಸ್ಸಿನಲ್ಲಿ ಕೇಳಿದ್ದು.

ಈ ಮಾತಿನ ಅರ್ಥವೇನು?

‘ಭಾವನಾತ್ಮಕ ಬುದ್ಧಿಮತ್ತೆ’ ಎಂಬ ಪರಿಕಲ್ಪನೆಯನ್ನು 1990ರಲ್ಲಿ ಪೀಟರ್ ಸ್ಯಾಲೊವಿ ಮತ್ತು ಜಾನ್ ಮೇಯರ್ ಎಂಬ ಅಮೆರಿಕದ ಇಬ್ಬರು ಮನಃಶಾಸ್ತ್ರಜ್ಞರು ತಮ್ಮ ಲೇಖನದಲ್ಲಿ ವಿವರಿಸಿದರು. 1995ರಲ್ಲಿ ಡೇನಿಯಲ್ ಗೋಲ್‌ಮನ್ ಅವರು ಇದೇ ಹೆಸರಿನ ಪುಸ್ತಕ ಬರೆದ ಮೇಲೆ ಅದು ಜಗತ್ತಿನ ತುಂಬ ಹರಡಿತು. ಉರ್ದುವಿನಲ್ಲಿ ಇದಕ್ಕೆ ‘ಜಜ್ಬಾತಿ ಜಹಾನತ್’ ಎನ್ನುತ್ತೇವೆ. ನಮ್ಮ ಬಿ.ಇಡಿ. ಮನೋವಿಜ್ಞಾನದ ಪುಸ್ತಕಗಳಲ್ಲೂ ಇದು ಬಂದಿದೆ.

ಸರಳವಾಗಿ ಹೇಳುವುದಾದರೆ ಇದರಲ್ಲಿ ನಾಲ್ಕು ಕೆಲಸಗಳಿವೆ. ನನಗೆ ಈಗ ಸಿಟ್ಟು ಬಂದಿದೆಯೋ, ದಣಿವಾಗಿದೆಯೋ, ಅವಮಾನವಾಗಿದೆಯೋ ಎಂದು ಗುರುತಿಸಿಕೊಳ್ಳುವುದು ಮೊದಲನೆಯದು. ಆ ಭಾವನೆಯನ್ನು ಹತೋಟಿಯಲ್ಲಿಟ್ಟುಕೊಳ್ಳುವುದು ಎರಡನೆಯದು. ಎದುರಿಗಿರುವವರ ಮುಖ, ಮಾತು, ಮೌನ ನೋಡಿ ಅವರ ಮನಸ್ಸನ್ನು ಅರಿಯುವುದು ಮೂರನೆಯದು. ಈ ಅರಿವನ್ನು ಬಳಸಿ ಸಂಬಂಧವನ್ನು ನಿಭಾಯಿಸುವುದು ನಾಲ್ಕನೆಯದು. ಇವು ಹುಟ್ಟಿನಿಂದ ಬಂದು ಅಷ್ಟಕ್ಕೇ ನಿಲ್ಲುವ ಗುಣಗಳಲ್ಲ, ಅಭ್ಯಾಸದಿಂದ ಬೆಳೆಯುತ್ತವೆ.

ಹೆಸರು ಹೊಸದಾದರೂ ನಮ್ಮ ನೆಲಕ್ಕೆ ಈ ವಿಚಾರ ಹೊಸದಲ್ಲ. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಷರೀಫ ಸಾಹೇಬರು (1819–1889) ಕೆಲಕಾಲ ಶಾಲಾ ಮಾಸ್ತರರಾಗಿದ್ದವರು ಎಂಬುದನ್ನು ನಮ್ಮಲ್ಲಿ ಬಹಳ ಜನ ಮರೆತಿದ್ದಾರೆ. ಅವರಿಗೆ ದಾರಿ ತೋರಿದವರು ಕಳಸದ ಗೋವಿಂದ ಭಟ್ಟರು. ಮುಸ್ಲಿಂ ಮನೆತನದ ಹುಡುಗನ ಒಳಗಿನ ಹಸಿವನ್ನು ಬ್ರಾಹ್ಮಣ ಗುರುವೊಬ್ಬರು ಗುರುತಿಸಿದರು. ಊರಿನವರ ಮಾತಿಗೆ ಅಂಜಿ ಕೈಬಿಡಲಿಲ್ಲ. ಶಿಷ್ಯನ ಮನಸ್ಸನ್ನು ಓದಬಲ್ಲ ಗುರು ಎಂಥ ಫಲ ಕೊಡಬಲ್ಲರು ಎಂಬುದಕ್ಕೆ ನಾವು ದೂರದ ದೇಶಗಳಿಗೆ ಹೋಗಬೇಕಾಗಿಲ್ಲ.

ಆದರೆ ಇಂದಿನ ಗುರುವಿನ ಮನಸ್ಸನ್ನು ಓದುವವರು ಯಾರು? ಈ ಪ್ರಶ್ನೆಯನ್ನೇ ನಾನು ನಿಮ್ಮ ಮುಂದಿಡಲು ಬಂದಿದ್ದೇನೆ.

ಒಂದೇ ಸ್ಟಾಫ್ ರೂಮಿನಲ್ಲಿ ಎರಡು ಬದುಕು

‘ಕಾಲೇಜು ಅಧ್ಯಾಪಕರು’ ಎಂದ ಕೂಡಲೇ ನಮ್ಮ ಹಿರಿಯರ ಕಣ್ಣ ಮುಂದೆ ದೊಡ್ಡ ಪಗಾರ, ಕಡಿಮೆ ತಾಸು, ಉದ್ದ ರಜೆಯ ಚಿತ್ರ ಬರುತ್ತದೆ. ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರನ್ನು ನೆನೆಯೋಣ. ಅವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದರು, ಆಕ್ಸ್‌ಫರ್ಡಿಗೆ ಹೋಗಿ ಓದಿ ಬಂದರು, ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, 1990ರ ಜ್ಞಾನಪೀಠ ಪ್ರಶಸ್ತಿ ಪಡೆದರು. ಪಾಠವೂ ನಡೆಯಿತು, ಬರವಣಿಗೆಯೂ ನಡೆಯಿತು. ಅದರಲ್ಲಿ ಅವರ ಪ್ರತಿಭೆ ಮತ್ತು ಪರಿಶ್ರಮ ದೊಡ್ಡದು. ಅದರ ಜೊತೆಗೆ, ಬರುವ ವರ್ಷವೂ ನೌಕರಿ ಇರುತ್ತದೆ ಎಂಬ ಭರವಸೆ ಮನುಷ್ಯನ ಮನಸ್ಸಿಗೆ ಎಷ್ಟು ಬಲ ಕೊಡುತ್ತದೆ ಎಂಬುದನ್ನೂ ಯೋಚಿಸಿ ನೋಡಿ.

ಇಂದು ನಮ್ಮ ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರ ಮೇಲೆ ಪಾಠದ ಬಹುಭಾಗ ನಿಂತಿದೆ. ‘ಅತಿಥಿ’ ಎಂಬ ಹೆಸರಿನಲ್ಲೇ ಹತ್ತು ಹದಿನೈದು ವರ್ಷ ಕಳೆದವರಿದ್ದಾರೆ. ವರ್ಷ ವರ್ಷವೂ ಅರ್ಜಿ ಹಾಕಬೇಕು, ಕೌನ್ಸೆಲಿಂಗ್ ಆಗಬೇಕು, ಯಾವ ಊರಿನ ಕಾಲೇಜು ಸಿಗುತ್ತದೋ ಕಾಯಬೇಕು. 2022ರ ಜನವರಿಯವರೆಗೆ ಅವರ ತಿಂಗಳ ಗೌರವಧನ ಯುಜಿಸಿ ಅರ್ಹತೆ ಇದ್ದವರಿಗೆ 13,000 ರೂಪಾಯಿ, ಇಲ್ಲದವರಿಗೆ 11,000 ರೂಪಾಯಿ ಇತ್ತು. ಮುಷ್ಕರ ನಡೆದ ಮೇಲೆ ಅರ್ಹತೆ ಮತ್ತು ಸೇವಾವಧಿಯನ್ನು ನೋಡಿ 26,000ದಿಂದ 32,000 ರೂಪಾಯಿವರೆಗೆ ಏರಿಸಲಾಯಿತು. ಅದರ ಜೊತೆಗೇ ವಾರಕ್ಕೆ 8–10 ತಾಸು ಇದ್ದ ಪಾಠದ ಹೊರೆಯನ್ನು 15 ತಾಸಿಗೆ ಏರಿಸಿದ್ದರಿಂದ ಇಬ್ಬರು ಮಾಡುತ್ತಿದ್ದ ಕೆಲಸ ಒಬ್ಬರ ಪಾಲಿಗೆ ಬಂತು, ಹಲವರು ಹೊರಗುಳಿದರು. ಸೇವಾಭದ್ರತೆ ಕೇಳಿ 2023ರ ನವೆಂಬರಿನಲ್ಲಿ ಮತ್ತೆ ಮುಷ್ಕರವಾಯಿತು. 2024ರ ಜನವರಿಯಿಂದ ಸೇವಾವಧಿಗೆ ತಕ್ಕಂತೆ 5,000ದಿಂದ 8,000 ರೂಪಾಯಿ ಹೆಚ್ಚಳ ಬಂತು. ಅವರು ಮುಖ್ಯವಾಗಿ ಕೇಳಿದ್ದ ಕಾಯಮಾತಿ ಮಾತ್ರ ಬರಲಿಲ್ಲ.

ಕಾಯಂ ಅಧ್ಯಾಪಕರ ಸ್ಥಿತಿ ಸುಖವಾಗಿದೆ ಎಂದು ನಾನು ಹೇಳುವುದಿಲ್ಲ. ಕಾಯಂ ಹುದ್ದೆಗಳು ಖಾಲಿ ಬಿದ್ದಷ್ಟೂ ಪ್ರವೇಶ, ಪರೀಕ್ಷೆ, ನ್ಯಾಕ್ ತಯಾರಿ, ಎನ್ನೆಸ್ಸೆಸ್, ವಿದ್ಯಾರ್ಥಿವೇತನ ಎಲ್ಲವೂ ಉಳಿದ ಕೆಲವರ ತಲೆಗೇ ಬರುತ್ತದೆ. ಹೀಗಾಗಿ ಒಂದೇ ಸ್ಟಾಫ್ ರೂಮಿನಲ್ಲಿ ಒಬ್ಬರಿಗೆ ನಾಳೆಯ ಚಿಂತೆ, ಇನ್ನೊಬ್ಬರಿಗೆ ಇಂದಿನ ಹೊರೆ. ಒಬ್ಬರ ನೋವು ಇನ್ನೊಬ್ಬರಿಗೆ ಕಾಣದಂತೆ ಇಬ್ಬರೂ ತಮ್ಮ ತಮ್ಮ ಕುರ್ಚಿಯಲ್ಲಿ ಕುಳಿತಿರುತ್ತಾರೆ.

ಲೆಕ್ಕಕ್ಕೆ ಬಾರದ ದುಡಿಮೆ

ಯುಜಿಸಿಯ 2018ರ ನಿಯಮಾವಳಿಯ ಪ್ರಕಾರ ಕಾಯಂ ಅಧ್ಯಾಪಕರ ಕೆಲಸದ ಹೊರೆ ವಾರಕ್ಕೆ 40 ತಾಸಿಗೆ ಕಡಿಮೆ ಇರಬಾರದು. ಅದರಲ್ಲಿ ಸಹಾಯಕ ಪ್ರಾಧ್ಯಾಪಕರು 16 ತಾಸು, ಸಹ ಪ್ರಾಧ್ಯಾಪಕರು ಮತ್ತು ಪ್ರಾಧ್ಯಾಪಕರು 14 ತಾಸು ನೇರ ಪಾಠ ಮಾಡಬೇಕು. ಉಳಿದದ್ದು ಓದಿಗೆ, ತಯಾರಿಗೆ, ಸಂಶೋಧನೆಗೆ, ಆಡಳಿತಕ್ಕೆ. ಕಾಗದದ ಮೇಲೆ ಲೆಕ್ಕ ಸರಿಯಾಗಿದೆ.

ಈಗ ನಮ್ಮ ಭಾಗದ ಒಬ್ಬ ಅಧ್ಯಾಪಕಿಯ ದಿನವನ್ನು ನೋಡೋಣ. ಹಿರೇಕೆರೂರ ಕಡೆಯ ಮನೆ, ಕಾಲೇಜು ಬೇರೆ ತಾಲ್ಲೂಕಿನಲ್ಲಿ. ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಮಕ್ಕಳ ಡಬ್ಬಿ ಕಟ್ಟಿ, ಹಾವೇರಿ ಬಸ್ಸು ಹಿಡಿದು, ಅಲ್ಲಿ ಇನ್ನೊಂದು ಬಸ್ಸು ಬದಲಿಸಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ಉಳಿಯಿತು. ಆ ಮೇಲೆ ಕಾಲೇಜಿಗೆ ಬರುವ ಹುಡುಗಿಯರ ಮನೆಗಳಲ್ಲೂ ನೆಮ್ಮದಿಯಾಯಿತು. ಆದರೆ ಹೋಗಿ ಬರುವ ಮೂರು ನಾಲ್ಕು ತಾಸಿನ ಲೆಕ್ಕ ಯಾವ ನಿಯಮದಲ್ಲಿಯೂ ಇಲ್ಲ. ಕಾಲೇಜಿಗೆ ಹೋದರೆ ಪಾಠದ ನಡುವೆ ಯುಯುಸಿಎಂಎಸ್ ಜಾಲತಾಣದಲ್ಲಿ ಅಂಕ ತುಂಬುವುದು, ಸರ್ವರ್ ನಿಂತರೆ ರಾತ್ರಿ ಮನೆಯಲ್ಲಿ ಕುಳಿತು ತುಂಬುವುದು. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಹೊಸ ಪಠ್ಯ ಬಂತು. 2024–25ರಿಂದ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿ, ಮತ್ತೆ ಹೊಸ ಪಠ್ಯ. ಮಾಡಿಟ್ಟ ಟಿಪ್ಪಣಿಗಳನ್ನು ಮೂರೇ ವರ್ಷದಲ್ಲಿ ಎರಡು ಸಲ ಹೊಸದಾಗಿ ಬರೆಯಬೇಕಾಯಿತು.

ಇವೆಲ್ಲ ಕಣ್ಣಿಗೆ ಕಾಣುವ ಕೆಲಸಗಳು. ಕಾಣದ ಕೆಲಸ ಇನ್ನೊಂದಿದೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಬರೆದ ಪುಸ್ತಕದಲ್ಲಿ ಅದನ್ನು ‘ಭಾವನೆಯ ದುಡಿಮೆ’ ಎಂದು ಕರೆದರು. ವಿಮಾನದ ಗಗನಸಖಿಯರು ತಮಗೆ ಎಷ್ಟೇ ಬೇಸರವಿದ್ದರೂ ನಗುತ್ತಲೇ ಇರಬೇಕಾದದ್ದನ್ನು ಕಂಡು ಅವರು ಇದನ್ನು ವಿವರಿಸಿದರು. ಅಧ್ಯಾಪಕರಿಗೂ ಈ ಮಾತು ಪೂರ್ತಿ ಒಪ್ಪುತ್ತದೆ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಕಾಲೇಜು ಮೆಟ್ಟಿಲು ಹತ್ತುವ ಮಕ್ಕಳಲ್ಲಿ ಅನೇಕರು ತಮ್ಮ ಮನೆಯಲ್ಲಿ ಮೊದಲ ಪದವೀಧರರಾಗಲಿರುವವರು. ಗೋವಿನಜೋಳದ ರಾಶಿಯ ದಿನಗಳಲ್ಲಿ ಹುಡುಗರು ಹದಿನೈದು ದಿನ ಬರುವುದಿಲ್ಲ. ಸವಣೂರಿನ ಎಲೆಬಳ್ಳಿ ತೋಟದಲ್ಲಿ ಮುಂಜಾನೆ ಕೆಲಸ ಮಾಡಿ ಎರಡನೆಯ ತಾಸಿಗೆ ಓಡಿ ಬರುವವರಿದ್ದಾರೆ. ಹಾಜರಿ ಕೊರತೆ ಎಂದು ಕರೆದು ಕೇಳಿದರೆ ತಂದೆಯ ಸಾಲದ ಕತೆ ಹೊರಬರುತ್ತದೆ. ಎರಡನೆಯ ವರ್ಷದ ಹುಡುಗಿ ಒಂದು ದಿನ ಪಾಠ ಮುಗಿದ ಮೇಲೆ ಹಿಂದೆ ಉಳಿಯುತ್ತಾಳೆ. “ಮೇಡಂ, ಮನ್ಯಾಗ ನನ್ನ ಲಗ್ನ ಮಾಡಾಕ ಹತ್ಯಾರ್ರೀ, ನೀವರ ಒಂದ್ ಮಾತ್ ಹೇಳ್ರಿ ಅಬ್ಬಾಗ” ಎಂದು ಅಳುತ್ತಾಳೆ. ಆಗ ಆ ಅಧ್ಯಾಪಕಿ ತಂದೆಯನ್ನು ಕರೆಸಬೇಕು, ಕೋಪ ಬರದಂತೆ ಮಾತಾಡಬೇಕು, ಹುಡುಗಿಯ ಮಾನ ಕಾಯಬೇಕು, ಮುಂದಿನ ತಾಸಿಗೆ ನಗುಮುಖದಿಂದ ಪಾಠಕ್ಕೆ ನಿಲ್ಲಬೇಕು. ಒಂದು ಹುಡುಗಿಯ ಪದವಿ ಉಳಿಯುವುದು ಇಂಥ ಅರ್ಧ ತಾಸಿನಲ್ಲಿ. ಆ ಅರ್ಧ ತಾಸು ಯಾವ ವೇಳಾಪಟ್ಟಿಯಲ್ಲೂ ಬರೆದಿರುವುದಿಲ್ಲ.

ಮನಸ್ಸು ಬಳಲಿದಾಗ

ಹೀಗೆ ಕೊಡುತ್ತಲೇ ಹೋದರೆ ಏನಾಗುತ್ತದೆ? 1974ರಲ್ಲಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನಃಶಾಸ್ತ್ರಜ್ಞರು, ಇತರರ ಸೇವೆಯಲ್ಲಿ ತೊಡಗಿದವರು ಒಳಗಿಂದೊಳಗೆ ಬತ್ತಿ ಹೋಗುವುದನ್ನು ‘ಬರ್ನ್‌ಔಟ್’ ಎಂದು ಕರೆದರು. ಕ್ರಿಸ್ಟಿನಾ ಮಾಸ್ಲಾಕ್ ಅವರು 1981ರಲ್ಲಿ ಅದನ್ನು ಅಳೆಯುವ ಪ್ರಶ್ನಾವಳಿಯನ್ನು ಸಿದ್ಧಪಡಿಸಿದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಇದನ್ನು ಸೇರಿಸಿತು. ಅಲ್ಲಿ ಒಂದು ಮಾತು ಗಮನಿಸಬೇಕು. ಅದನ್ನು ರೋಗ ಎಂದು ಕರೆಯಲಿಲ್ಲ. ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಬರುವ ವೃತ್ತಿ ಸಂಬಂಧಿ ಸ್ಥಿತಿ ಎಂದು ಕರೆಯಿತು. ಅಂದರೆ ಕಾರಣವನ್ನು ಮನುಷ್ಯನ ಮನಸ್ಸಿನಲ್ಲಿ ಮಾತ್ರ ಹುಡುಕಿದರೆ ಸಾಲದು, ಅವನು ಕೆಲಸ ಮಾಡುವ ಜಾಗದಲ್ಲಿಯೂ ಹುಡುಕಬೇಕು.

ಇದಕ್ಕೆ ಮೂರು ಲಕ್ಷಣಗಳನ್ನು ಹೇಳುತ್ತಾರೆ. ನಿದ್ದೆ ಮಾಡಿದರೂ ಹೋಗದ ದಣಿವು ಒಂದು. ಕೆಲಸದ ಬಗ್ಗೆ, ಎದುರಿಗಿರುವ ಜನರ ಬಗ್ಗೆ ತಾತ್ಸಾರ ಹುಟ್ಟುವುದು ಎರಡು. ‘ನನ್ನಿಂದ ಏನೂ ಆಗುವುದಿಲ್ಲ’ ಎಂಬ ಭಾವ ಮೂರು. ಮೊದಲನೆಯದು ಮತ್ತು ಮೂರನೆಯದು ಅಧ್ಯಾಪಕರನ್ನೇ ಸುಡುತ್ತವೆ. ಎರಡನೆಯದು ವಿದ್ಯಾರ್ಥಿಯನ್ನೂ ಸುಡುತ್ತದೆ. “ನಿಮ್ಮಂಥವ್ರಿಗೆ ಯಾಕ ಬೇಕು ಡಿಗ್ರಿ” ಎಂಬ ಒಂದು ಮಾತಿಗೆ ಕಾಲೇಜು ಬಿಟ್ಟು ಗಾರೆ ಕೆಲಸಕ್ಕೆ ಹೋದ ಹುಡುಗರಿದ್ದಾರೆ. ಆ ಮಾತನ್ನು ಆಡಿದವರು ಹೃದಯವಿಲ್ಲದವರೆಂದು ನಾವು ತೀರ್ಮಾನ ಕೊಡುವ ಮೊದಲು, ಅವರು ಎಷ್ಟು ದಿನಗಳಿಂದ ಬಳಲಿದ್ದರು ಎಂದೂ ಕೇಳಬೇಕು. ಕೇಳಿದ ಮಾತ್ರಕ್ಕೆ ಆ ಮಾತು ಸರಿಯಾಗುವುದಿಲ್ಲ, ಗಾಯ ಮಾಯುವುದೂ ಇಲ್ಲ. ಆದರೆ ಮುಂದಿನ ಹುಡುಗನನ್ನು ಉಳಿಸುವ ದಾರಿ ಅಲ್ಲಿಂದಲೇ ಶುರುವಾಗುತ್ತದೆ.

ಸಬ್ರ್ ಮತ್ತು ಸುಮ್ಮನಿರುವುದು

ಇನ್ನು ನಾನು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇನೆ. ಭಾವನಾತ್ಮಕ ಬುದ್ಧಿಮತ್ತೆಯ ಹೆಸರಿನಲ್ಲಿ ಇತ್ತೀಚಿನ ದಿನಮಾನಗಳಲ್ಲಿ ಕಾರ್ಯಾಗಾರಗಳು ನಡೆಯುತ್ತವೆ. ಬಹಳ ಕಡೆ ಅದರ ತಾತ್ಪರ್ಯ ಒಂದೇ: ‘ಧನಾತ್ಮಕವಾಗಿ ಯೋಚಿಸಿ, ಹೊಂದಿಕೊಳ್ಳಿ.’ ಮೂರು ತಿಂಗಳ ಗೌರವಧನ ಬಾಕಿ ಇರುವವರಿಗೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟರೆ ಸಾಲುತ್ತದೆಯೇ? ಉಸಿರಾಟದ ವ್ಯಾಯಾಮ ಕೆಟ್ಟದ್ದಲ್ಲ. ಆದರೆ ಅಂಗಡಿಯವರ ಉದ್ರಿ ಪುಸ್ತಕ ಅದರಿಂದ ತೀರುವುದಿಲ್ಲ.

ನಮ್ಮಲ್ಲಿ ‘ಸಬ್ರ್’ ಎಂಬ ದೊಡ್ಡ ಮಾತಿದೆ. ಅದನ್ನು ನಾವು ‘ಸುಮ್ಮನಿರು’ ಎಂಬ ಅರ್ಥದಲ್ಲಿ, ಅದರಲ್ಲೂ ಹೆಣ್ಣುಮಕ್ಕಳಿಗೆ ಮತ್ತು ಕೈಕೆಳಗಿನವರಿಗೆ, ಬಳಸುವ ರೂಢಿ ಬೆಳೆದಿದೆ. ಸಬ್ರ್ ಎಂದರೆ ಕಷ್ಟದಲ್ಲಿ ನೆಲೆ ತಪ್ಪದೆ ನಿಲ್ಲುವುದು. ನೆಲೆ ತಪ್ಪದೆ ನಿಂತವನು ತನ್ನ ಹಕ್ಕನ್ನು ಶಾಂತವಾಗಿ ಕೇಳಬಲ್ಲ, ಅನ್ಯಾಯಕ್ಕೆ ಅನ್ಯಾಯ ಎಂದು ಹೆಸರಿಡಬಲ್ಲ. ತನಗೆ ಏನಾಗುತ್ತಿದೆ ಎಂದು ಗುರುತಿಸುವುದು ಭಾವನಾತ್ಮಕ ಬುದ್ಧಿಮತ್ತೆಯ ಮೊದಲ ಮೆಟ್ಟಿಲು ಎಂದೆನಲ್ಲ, ಆ ಮೆಟ್ಟಿಲಿನ ಮೇಲೆ ನಿಂತು ಕೇಳಬೇಕಾದ ಪ್ರಶ್ನೆ ಹೀಗಿದೆ: ‘ಈ ಭಾರದಲ್ಲಿ ನನ್ನ ಮನಸ್ಸಿನ ಅಭ್ಯಾಸದಿಂದ ಇಳಿಯುವುದು ಎಷ್ಟು? ವ್ಯವಸ್ಥೆ ಬದಲಾದರೆ ಮಾತ್ರ ಇಳಿಯುವುದು ಎಷ್ಟು?’ ಎರಡನ್ನೂ ಬೇರೆ ಬೇರೆ ಮಾಡಿಕೊಂಡವರು ವಿದ್ಯಾರ್ಥಿಯ ಮೇಲೆ ಸಿಟ್ಟು ತೀರಿಸುವುದಿಲ್ಲ, ತಮ್ಮನ್ನೇ ತಾವು ಹಳಿದುಕೊಳ್ಳುವುದೂ ಇಲ್ಲ.

ಮನೆಯೊಳಗಿನ ಎರಡನೆಯ ಪಾಳಿ

ಸಮತೋಲನದ ಮಾತು ಕಾಲೇಜಿನ ಗೇಟಿಗೆ ಮುಗಿಯುವುದಿಲ್ಲ. ನಮ್ಮ ದೇಶದಲ್ಲಿ 2019ರಲ್ಲಿ ಕೇಂದ್ರ ಸರ್ಕಾರ ಸಮಯ ಬಳಕೆಯ ಸಮೀಕ್ಷೆ ಮಾಡಿಸಿತು. ಮನೆಗೆಲಸ ಮಾಡುವ ಹೆಂಗಸರು ಪಗಾರವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಮನೆಗೆಲಸಕ್ಕೆ ಕೈ ಹಚ್ಚುವ ಗಂಡಸರು 97 ನಿಮಿಷ ಕೊಡುತ್ತಿದ್ದರು ಎಂದು ಅದರಲ್ಲಿ ಕಂಡುಬಂತು. ಅಂದರೆ ಹೆಂಗಸರದು ಸುಮಾರು ಐದು ತಾಸು, ಗಂಡಸರದು ಒಂದೂವರೆ ತಾಸು. ಹೊರಗೆ ದುಡಿದು ಬಂದ ಹೆಂಗಸು ಮನೆಯಲ್ಲಿ ಮಾಡುವ ಈ ಕೆಲಸಕ್ಕೆ ಹಾಕ್‌ಶೀಲ್ಡ್ ಅವರೇ 1989ರ ತಮ್ಮ ಇನ್ನೊಂದು ಪುಸ್ತಕದಲ್ಲಿ ‘ಎರಡನೆಯ ಪಾಳಿ’ ಎಂಬ ಹೆಸರು ಕೊಟ್ಟರು.

ಕಾಯಂ ಸರ್ಕಾರಿ ನೌಕರಿಯಲ್ಲಿರುವ ಮಹಿಳೆಯರಿಗೆ ನಮ್ಮ ರಾಜ್ಯದಲ್ಲಿ 2021ರಿಂದ 180 ದಿನಗಳ ಶಿಶುಪಾಲನಾ ರಜೆಯ ಅನುಕೂಲ ಸಿಕ್ಕಿದೆ. ಅದು ಸ್ವಾಗತಾರ್ಹ. ಆದರೆ ತಾಯಿಯೊಬ್ಬಳಿಗೇ ರಜೆ ಕೊಟ್ಟರೆ ಮಗುವಿನ ಪಾಲನೆ ತಾಯಿಯೊಬ್ಬಳದೇ ಎಂಬ ಭಾವನೆ ಉಳಿದೇ ಉಳಿಯುತ್ತದೆ.

ಸಭೆಯಲ್ಲಿರುವ ಸಹೋದರರಲ್ಲಿ ಒಂದು ವಿನಂತಿ. ನಮ್ಮ ಸಮಾಜದಲ್ಲಿ ಈಗ ಹೆಣ್ಣುಮಕ್ಕಳು ಓದುತ್ತಿದ್ದಾರೆ, ನೌಕರಿಗೆ ಬರುತ್ತಿದ್ದಾರೆ ಎಂದು ಹೆಮ್ಮೆಯಿಂದ ಹೇಳುತ್ತೇವೆ. ಹುಡುಗಿ ನೋಡಲು ಹೋದಾಗ ‘ನೌಕರಿ ಇದೆಯೇ’ ಎಂದೂ ಕೇಳುತ್ತೇವೆ. ಲಗ್ನವಾದ ಮೇಲೆ ಅವಳ ಪಗಾರ ಮನೆಯದಾಗುತ್ತದೆ. ಮನೆಗೆಲಸ ಮಾತ್ರ ಅವಳೊಬ್ಬಳದೇ ಉಳಿಯುತ್ತದೆ. ರಾತ್ರಿ ಉತ್ತರಪತ್ರಿಕೆ ತಿದ್ದುವ ಸೊಸೆಗೆ ಒಂದು ಕಪ್ ಚಹಾ ಮಾಡಿಕೊಟ್ಟರೆ ಯಾವ ಮಗನ ಮರ್ಯಾದೆಯೂ ಕಡಿಮೆಯಾಗುವುದಿಲ್ಲ. ಗಂಡಸರ ಕಷ್ಟವೂ ಇಲ್ಲಿದೆ. ಅತಿಥಿ ಉಪನ್ಯಾಸಕನಾದ ಗಂಡು ಮನೆಯಲ್ಲಿ ತನ್ನ ಗೌರವಧನ ಎಷ್ಟೆಂದು ಹೇಳಲು ನಾಚುತ್ತಾನೆ, ನಲವತ್ತು ದಾಟಿದರೂ ‘ಇನ್ನೂ ಪರ್ಮನೆಂಟ್ ಆಗಲಿಲ್ಲವಾ’ ಎಂಬ ಮಾತಿಗೆ ಅಂಜಿ ಮದುವೆ ಮುಂಜಿಗಳನ್ನೇ ತಪ್ಪಿಸುತ್ತಾನೆ. ಗಂಡಸು ಅಳಬಾರದು ಎಂದು ಕಲಿಸಿದ್ದರಿಂದ ಆ ನೋವು ಸಿಟ್ಟಾಗಿ ಹೊರಬರುತ್ತದೆ.

ನಾವೇನು ಮಾಡಬಹುದು?

ಮೊದಲು ಅಧ್ಯಾಪಕ ಬಂಧುಗಳಿಗೆ. ತರಗತಿಗೆ ಹೋಗುವ ಮುನ್ನ ಬಾಗಿಲಲ್ಲಿ ಒಂದು ನಿಮಿಷ ನಿಂತು, ‘ಈಗ ನನ್ನೊಳಗೆ ಏನಿದೆ’ ಎಂದು ಕೇಳಿಕೊಳ್ಳಿ. ಬಸ್ಸಿನಲ್ಲಿ ಆದ ಜಗಳ, ಮನೆಯಲ್ಲಿ ಕೇಳಿದ ಮಾತು ಒಳಗಿದ್ದರೆ ಅದಕ್ಕೆ ಹೆಸರಿಡಿ. ಹೆಸರಿಟ್ಟ ಭಾವನೆ ಅರ್ಧ ಹತೋಟಿಗೆ ಬಂದಂತೆ. ಸಿಟ್ಟು ಬಂದಾಗ ವಿದ್ಯಾರ್ಥಿಯ ತಪ್ಪಿನ ಬಗ್ಗೆ ಮಾತಾಡಿ. ಅವನ ಮನೆ, ಭಾಷೆ, ಜಾತಿ, ವೇಷದ ಬಗ್ಗೆ ಮಾತು ಬೇಡ. ವಿದ್ಯಾರ್ಥಿಯ ಎಲ್ಲ ಕಷ್ಟವನ್ನೂ ಒಬ್ಬರೇ ಹೊರಬೇಡಿ. ಲಗ್ನ, ಸಾಲ, ಹಿಂಸೆಯ ಪ್ರಸಂಗಗಳಲ್ಲಿ ಪ್ರಿನ್ಸಿಪಾಲರನ್ನು, ಸಹೋದ್ಯೋಗಿಗಳನ್ನು ಜೊತೆಗೆ ತೆಗೆದುಕೊಳ್ಳಿ. ಹುಡುಗಿಗೆ ಹದಿನೆಂಟು ತುಂಬಿರದಿದ್ದರೆ 1098 ಮಕ್ಕಳ ಸಹಾಯವಾಣಿ ಇದೆ. ವಾರದಲ್ಲಿ ಒಂದು ಸಂಜೆಯನ್ನಾದರೂ ಮನೆಯವರಿಗೆ ಅಥವಾ ನಿಮ್ಮ ಇಷ್ಟದ ಓದಿಗೆ ಮೀಸಲಿಡಿ. ನಿದ್ದೆ ಹತ್ತದೆ, ಊಟ ಸೇರದೆ, ಜೀವನವೇ ಬೇಡವೆನ್ನಿಸಿದರೆ ಅದನ್ನು ಮುಚ್ಚಿಡಬೇಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲು ರಾತ್ರಿ ಎಂದಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು. ಜ್ವರಕ್ಕೆ ಡಾಕ್ಟರರ ಬಳಿ ಹೋಗುವಂತೆ ಮನಸ್ಸಿಗಾಗಿಯೂ ಹೋಗಬೇಕು.

ಎರಡನೆಯದಾಗಿ ಪ್ರಿನ್ಸಿಪಾಲರು ಹಾಗೂ ಆಡಳಿತ ಮಂಡಳಿಯವರಿಗೆ. ದೂರದಿಂದ ಬರುವವರಿಗೆ ಬಸ್ಸಿನ ವೇಳೆ ನೋಡಿ ಟೈಮ್ ಟೇಬಲ್ ಹಾಕಲು ಖರ್ಚಿಲ್ಲ. ರಾತ್ರಿ ಎಂಟರ ಮೇಲೆ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ‘ತುರ್ತು’ ಎಂದು ಹಾಕುವುದನ್ನು ನಿಲ್ಲಿಸಲು ಯಾವ ಆದೇಶವೂ ಬೇಕಿಲ್ಲ. ಅತಿಥಿ ಉಪನ್ಯಾಸಕರಿಗೆ ಸ್ಟಾಫ್ ಮೀಟಿಂಗಿನಲ್ಲಿ ಕುರ್ಚಿ ಮತ್ತು ಮಾತು ಎರಡನ್ನೂ ಕೊಡಿ. ವಿದ್ಯಾರ್ಥಿಗಳ ಕಷ್ಟ ಕೇಳುವ ಕೆಲಸವನ್ನು ಕೆಲಸವೆಂದೇ ಎಣಿಸಿ, ಅದಕ್ಕೆ ವಾರದಲ್ಲಿ ಒಂದು ತಾಸು ವೇಳಾಪಟ್ಟಿಯಲ್ಲಿ ಬರೆಯಿರಿ. ಖಾಸಗಿ ಸಂಸ್ಥೆ ನಡೆಸುವವರು ಪಗಾರವನ್ನು ತಿಂಗಳ ನಿಗದಿತ ದಿನಕ್ಕೆ ಕೊಟ್ಟರೆ, ಅಧ್ಯಾಪಕರ ಮನಸ್ಸಿನ ಸ್ವಾಸ್ಥ್ಯಕ್ಕೆ ಅದಕ್ಕಿಂತ ದೊಡ್ಡ ಕಾರ್ಯಾಗಾರ ಬೇಕಾಗಿಲ್ಲ.

ಮೂರನೆಯದಾಗಿ ನಮ್ಮ ಸಂಸ್ಥೆಯ ಸದಸ್ಯರಿಗೆ. ನಾವು ವರ್ಷಕ್ಕೊಮ್ಮೆ ಹೆಚ್ಚು ಅಂಕ ಪಡೆದ ಮಕ್ಕಳನ್ನು ಸನ್ಮಾನಿಸುತ್ತೇವೆ. ಅದು ಮುಂದುವರಿಯಲಿ. ಅದರ ಜೊತೆಗೆ ನಾಲ್ಕೂ ತಾಲ್ಲೂಕುಗಳ ಶಾಲೆ ಕಾಲೇಜುಗಳ ಅಧ್ಯಾಪಕರು ವರ್ಷಕ್ಕೆ ಎರಡು ಸಲ ಭಾಷಣ, ಹಾರ ತುರಾಯಿ ಇಲ್ಲದೆ ಕುಳಿತು ಮಾತಾಡುವ ಒಂದು ಬೈಠಕ್ ಏರ್ಪಡಿಸಬಹುದು. ನೆಟ್ ಮತ್ತು ಕೆ-ಸೆಟ್ ಪರೀಕ್ಷೆಗೆ ಓದುವ ಅತಿಥಿ ಉಪನ್ಯಾಸಕರಿಗೆ ಪುಸ್ತಕ ಮತ್ತು ಶಾಂತವಾದ ಒಂದು ಕೋಣೆ ಒದಗಿಸಿದರೆ ಅವರ ನಾಳೆಯ ಚಿಂತೆ ಸ್ವಲ್ಪವಾದರೂ ಇಳಿಯುತ್ತದೆ. ಹುಡುಗಿಯರ ಓದು ನಿಲ್ಲಿಸಲು ಹೊರಟ ಪಾಲಕರೊಂದಿಗೆ ಮಾತಾಡುವ ಹೊಣೆಯನ್ನು ಒಬ್ಬ ಅಧ್ಯಾಪಕಿಯ ಮೇಲೆ ಬಿಡದೆ ಸಂಸ್ಥೆಯ ಹಿರಿಯರು ತಾವೇ ಮನೆಗೆ ಹೋಗಿ ಕೂತು ಮಾತಾಡಬಹುದು. ಊರಿನಲ್ಲಿ ಹಿರಿಯರ ಮಾತಿಗೆ ಇರುವ ತೂಕ ನಿಮಗೆ ಗೊತ್ತೇ ಇದೆ.

ಕೊನೆಯದಾಗಿ ವಿದ್ಯಾರ್ಥಿಗಳೇ, ನಿಮಗೆ. ನಿಮ್ಮ ಸರ್ ಅಥವಾ ಮೇಡಂ ಕಾಯಂ ಅಲ್ಲ ಎಂದು ಗೊತ್ತಾದ ದಿನದಿಂದ ಅವರ ತಾಸಿಗೆ ಹಿಂದಿನ ಬಾಗಿಲಿನಿಂದ ಹೋಗಿಬಿಡುವ ಅಭ್ಯಾಸ ಕೆಲವರಿಗಿದೆ. ಅವರು ನಿಮಗೆ ಹೇಳುವ ಪಾಠ ಅತಿಥಿ ಪಾಠವಲ್ಲ. ಪಾಠ ಚೆನ್ನಾಗಿತ್ತು ಅನ್ನಿಸಿದ ದಿನ “ಇವತ್ತ ಛಲೋ ತಿಳೀತ್ರೀ ಸರ್” ಎಂದು ಹೇಳಿ. ಆ ಒಂದು ಮಾತಿನಿಂದ ಬಸ್ಸಿನಲ್ಲಿ ಮನೆಗೆ ಮರಳುವ ಅಧ್ಯಾಪಕರ ಮುಖ ಹೇಗೆ ಅರಳಿರುತ್ತದೆ ಎಂಬುದನ್ನು ಪಕ್ಕದ ಸೀಟಿನಲ್ಲಿ ಕುಳಿತು ನಾನು ನೋಡಿದ್ದೇನೆ. ನಿಮಗೆ ನೋವಾಗುವಂತೆ ಯಾರಾದರೂ ಮಾತಾಡಿದರೆ ಅದನ್ನೂ ಮನಸ್ಸಿನಲ್ಲಿಟ್ಟುಕೊಂಡು ಕಾಲೇಜು ಬಿಡಬೇಡಿ. ಹೋಗಿ ಶಾಂತವಾಗಿ ಹೇಳಿ. ಒಬ್ಬರೇ ಹೋಗಲು ಅಂಜಿಕೆಯಾದರೆ ನಂಬಿಕೆಯ ಇನ್ನೊಬ್ಬ ಅಧ್ಯಾಪಕರನ್ನು ಕರೆದುಕೊಂಡು ಹೋಗಿ.

ಬಂಧುಗಳೇ, ಹಾನಗಲ್ಲದ ಗದ್ದೆಯಿಂದ, ಹಿರೇಕೆರೂರಿನ ಹತ್ತಿ ಹೊಲದಿಂದ, ಶಿಗ್ಗಾಂವಿಯ ಹೆದ್ದಾರಿ ಬದಿಯ ಗ್ಯಾರೇಜಿನಿಂದ ಒಂದೊಂದು ಮಗು ಕಾಲೇಜಿಗೆ ಬರಲು ಒಂದು ಮನೆತನ ಎಷ್ಟೋ ವರ್ಷ ಕಾದಿರುತ್ತದೆ. ಅಲ್ಲಿ ಆ ಮಗುವಿಗೆ ಎದುರಾಗುವ ಅಧ್ಯಾಪಕರ ಮನಸ್ಸು ನೆಮ್ಮದಿಯಾಗಿರುವಂತೆ ನೋಡಿಕೊಳ್ಳುವುದು ಅಧ್ಯಾಪಕರೊಬ್ಬರ ಕೆಲಸವಲ್ಲ. ಸರ್ಕಾರದ್ದು, ಕಾಲೇಜಿನದ್ದು, ಮನೆಯದ್ದು, ನಮ್ಮ ಸಂಸ್ಥೆಯದ್ದು ಎಂದು ಅದರಲ್ಲಿ ಪ್ರತಿಯೊಬ್ಬರಿಗೂ ಪಾಲಿದೆ. ಈ ಸಮಾವೇಶದಿಂದ ಎದ್ದು ಹೋಗುವಾಗ, ಅಥವಾ ಈ ಪುಟ ಮಗುಚುವಾಗ, ನಿಮ್ಮ ಪಾಲಿನದು ಯಾವುದು ಎಂದು ಒಂದು ಸಲ ಯೋಚಿಸಿದರೆ ನನ್ನ ಮಾತು ಸಾರ್ಥಕವೆಂದು ತಿಳಿಯುತ್ತೇನೆ.